ಆದಿಕಾಲದ ಬ್ರಿಟನ್ನಿನಲ್ಲಿ ಆಫ್ರಿಕಾದ ನಂಟು: ಸಾಕ್ಷ್ಯಗಳ ಸಮೀಕ್ಷೆ

ಬ್ರಿಟನ್ನಿನಲ್ಲಿ ಆಫ್ರಿಕಾ ಮೂಲದವರ ಇತಿಹಾಸ 16ನೇ ಶತಮಾನದ ಹಡಗು ವ್ಯಾಪಾರದಿಂದ ಶುರುವಾಗುತ್ತದೆ ಎಂಬ ಎಣಿಕೆ ಬಹುಕಾಲ ನಡೆದುಬಂದಿತ್ತು. ಜನಸಾಮಾನ್ಯರ ನೆನಪಿನಲ್ಲಂತೂ ಅದು ಇನ್ನೂ ಈಚಿನದು: 1948ರಲ್ಲಿ ಕೆರಿಬಿಯನ್ ವಲಸಿಗರನ್ನು ಹೊತ್ತು ತಂದ ‘ಎಂಪೈರ್ ವಿಂಡ್‌ರಷ್’ ಹಡಗೇ ಅದರ ಮೊದಲ ಪುಟ. ಆದರೆ ಕ್ರಿ.ಶ. 2ನೇ ಶತಮಾನದಲ್ಲೇ ಇಂದಿನ ಅಲ್ಜೀರಿಯಾದವನೊಬ್ಬ ಬ್ರಿಟನ್ನಿನ ರಾಜ್ಯಪಾಲನಾಗಿದ್ದ. 3ನೇ ಶತಮಾನದ ಆರಂಭದಲ್ಲಿ ಲಿಬಿಯಾದಲ್ಲಿ ಹುಟ್ಟಿದ ರೋಮನ್ ಚಕ್ರವರ್ತಿ ಯಾರ್ಕ್ ನಗರದಲ್ಲಿ ಪ್ರಾಣ ಬಿಟ್ಟ. 7ನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ವಿದ್ವಾಂಸನೊಬ್ಬ ಕ್ಯಾಂಟರ್‌ಬರಿಯಲ್ಲಿ ಮಠಾಧಿಪತಿಯಾಗಿ ಪಾಠ ಹೇಳಿದ. ಅದೇ ಶತಮಾನದಲ್ಲಿ ಕೆಂಟ್ ಸೀಮೆಯಲ್ಲಿ ಮಣ್ಣಾದ ಒಬ್ಬ ಬಾಲಕಿಯ ತಂದೆಯ ಕಡೆಯ ಅಜ್ಜ ಅಥವಾ ಅಜ್ಜಿ ಪಶ್ಚಿಮ ಆಫ್ರಿಕಾ ಮೂಲದವರು ಎಂದು ಆಕೆಯ ಡಿಎನ್‌ಎ ಹೇಳುತ್ತದೆ.

ಹೀಗಾಗಿ ಆಫ್ರಿಕಾದ ಜನ ಬಂದಿದ್ದರೋ ಇಲ್ಲವೋ ಎಂಬುದು ಈಗ ವಿವಾದದ ವಿಷಯವಲ್ಲ. ಎಷ್ಟು ಮಂದಿ, ಯಾವ ದಾರಿಯಲ್ಲಿ, ಯಾವ ಸ್ಥಿತಿಯಲ್ಲಿ ಬಂದರು, ಯಾವ ಸಾಕ್ಷ್ಯ ಎಷ್ಟನ್ನು ರುಜುವಾತು ಮಾಡಬಲ್ಲದು ಎಂಬುದರ ಮೇಲೆ ಚರ್ಚೆ ನಡೆಯುತ್ತಿದೆ. ಸಾಕ್ಷ್ಯಗಳು ನಾಲ್ಕು ಬಗೆಯವು: ಬರಹ, ವಸ್ತು, ಮೂಳೆ, ವಂಶವಾಹಿ. ಒಂದೊಂದೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ವಸ್ತುವೊಂದು ದೂರದಿಂದ ಬಂದಿದ್ದರೆ ಅದರ ಜೊತೆ ಆ ದೇಶದ ಮನುಷ್ಯನೂ ಬಂದಿದ್ದ ಎಂದಾಗುವುದಿಲ್ಲ. ಒಬ್ಬ ವ್ಯಕ್ತಿ ಎಲ್ಲಿ ಬೆಳೆದ ಎಂಬುದು ತಿಳಿದರೆ ಅವನ ವಂಶಮೂಲ ತಿಳಿದಂತಲ್ಲ. ವಂಶಮೂಲ ತಿಳಿದರೂ ಅವನು ತನ್ನನ್ನು ಯಾರೆಂದು ಭಾವಿಸಿಕೊಂಡಿದ್ದ ಎಂಬುದು ತಿಳಿಯುವುದಿಲ್ಲ. ಈ ಗೆರೆಗಳನ್ನು ಅಳಿಸಿಬಿಟ್ಟಾಗಲೆಲ್ಲ ತೀರ್ಮಾನಗಳು ತಪ್ಪಿವೆ. ಉಳಿಸಿಕೊಂಡಾಗ ನಂಬಬಹುದಾದ ಚಿತ್ರವೊಂದು ಮೂಡಿದೆ.

ವ್ಯಾಪ್ತಿ

ಈ ಸಮೀಕ್ಷೆಯ ಮಟ್ಟಿಗೆ ‘ಆದಿಕಾಲ’ ಎಂದರೆ ಇತಿಹಾಸಪೂರ್ವ ಕಾಲದಿಂದ 1066ರ ನಾರ್ಮನ್ ವಿಜಯದವರೆಗಿನ ಅವಧಿ. ಮನುಕುಲವೆಲ್ಲ ಕೊನೆಗೆ ಆಫ್ರಿಕಾದಿಂದಲೇ ಹೊರಟದ್ದು. ನಾರ್ಫೋಕ್ ಕರಾವಳಿಯ ಹೇಸ್‌ಬರೋದಲ್ಲಿ 2013ರಲ್ಲಿ ಕಂಡ, 8 ಲಕ್ಷ ವರ್ಷಗಳಿಗೂ ಹಳೆಯದಾದ ಹೆಜ್ಜೆಗುರುತುಗಳು ಆ ಅತಿಪುರಾತನ ಚಲನೆಗೆ ಸೇರಿದವು. ಅದು ಬೇರೆಯೇ ಕಥೆ. ಇಲ್ಲಿ ನೋಡಬೇಕಾದದ್ದು ಯೂರೋಪಿನಲ್ಲಿ ಜನಜೀವನ ನೆಲೆಗೊಂಡ ಮೇಲೆ ಆಫ್ರಿಕಾ ಖಂಡದಿಂದ ನೇರವಾಗಿಯೋ ಒಂದೆರಡು ತಲೆಮಾರಿನ ಅಂತರದಲ್ಲೋ ಬಂದವರ ಸಂಗತಿ.

‘ಆಫ್ರಿಕಾ’ ಎಂಬ ಹೆಸರಿನ ಎಲ್ಲೆಯನ್ನೂ ಮೊದಲೇ ಗುರುತಿಸಿಕೊಳ್ಳಬೇಕು. ರೋಮನ್ನರಿಗೆ ಅದು ಮುಖ್ಯವಾಗಿ ಇಂದಿನ ಟುನೀಸಿಯಾ ಮತ್ತು ಅದರ ಆಸುಪಾಸಿನ ಪ್ರಾಂತ್ಯ. ಅದರ ಪಶ್ಚಿಮಕ್ಕೆ ನುಮಿಡಿಯಾ, ಮಾರಿಟೇನಿಯಾ. ಪೂರ್ವಕ್ಕೆ ಸಿರೆನೈಕಾ, ಈಜಿಪ್ಟ್. ಅಲ್ಲಿ ಬರ್ಬರ್ ಜನರು, ಫಿನೀಷಿಯನ್ ವಂಶಸ್ಥರು, ಗ್ರೀಕರು, ಇಟಲಿಯಿಂದ ಬಂದು ನೆಲೆಸಿದವರು, ಸಹಾರಾದ ದಕ್ಷಿಣದಿಂದ ಬಂದವರು ಬೆರೆತು ಬಾಳುತ್ತಿದ್ದರು. ಆದ್ದರಿಂದ ಶಾಸನದಲ್ಲಿ ಆಫ್ರಿಕಾದ ಊರು ಕಾಣಿಸಿದ ಮಾತ್ರಕ್ಕೆ ಆ ವ್ಯಕ್ತಿಯ ಮೈಬಣ್ಣವನ್ನು ಊಹಿಸಲಾಗದು.

ಇತಿಹಾಸಪೂರ್ವ ಕಾಲ

ಈ ಕಾಲದ ಸಾಕ್ಷ್ಯ ತೆಳ್ಳಗಿನದು. ಸಾಮರ್‌ಸೆಟ್‌ನ ಗಫ್ ಗುಹೆಯಲ್ಲಿ 1903ರಲ್ಲಿ ಸಿಕ್ಕ, ಸುಮಾರು 10,000 ವರ್ಷ ಹಳೆಯ ‘ಚೆಡರ್ ಮನುಷ್ಯ’ನ ಮೈಬಣ್ಣ ಕಪ್ಪಾಗಿದ್ದಿರಬಹುದು ಎಂಬ ಸುದ್ದಿ 2018ರಲ್ಲಿ ಜಗತ್ತನ್ನೆಲ್ಲ ಸುತ್ತಿತು. ಆದರೆ ಅವನು ಪಶ್ಚಿಮ ಯೂರೋಪಿನ ಬೇಟೆಗಾರ ಜನರ ವಂಶದವನು. ಅಂದಿನ ಯೂರೋಪಿಯನ್ನರಲ್ಲಿ ಬಿಳಿ ಚರ್ಮದ ವಂಶವಾಹಿಗಳು ಇನ್ನೂ ವ್ಯಾಪಕವಾಗಿರಲಿಲ್ಲ ಎಂಬುದಕ್ಕೆ ಅವನು ಸಾಕ್ಷಿ, ಆಫ್ರಿಕಾದಿಂದ ಈಚೆಗೆ ವಲಸೆ ಬಂದವನಲ್ಲ. ಕ್ರಿ.ಪೂ. 4000ದ ಸುಮಾರಿಗೆ ಬ್ರಿಟನ್ನಿಗೆ ಬೇಸಾಯ ತಂದವರ ಮೂಲ ಅನಟೋಲಿಯಾ. ಅವರ ಹಿಂದಿನವರು ಮೆಡಿಟರೇನಿಯನ್ ಕರಾವಳಿಯ ದಾರಿ ಹಿಡಿದು ಪಶ್ಚಿಮಕ್ಕೆ ಸರಿದಿದ್ದರು.

ವೆಸ್ಸೆಕ್ಸ್ ಪ್ರದೇಶದ ಕಂಚಿನ ಯುಗದ ಸಮಾಧಿಗಳಲ್ಲಿ ಸಿಕ್ಕ ನೀಲಿ-ಹಸಿರು ಫಯಾನ್ಸ್ (ಗಾಜಿನಂತೆ ಹೊಳೆಯುವ ಪದಾರ್ಥ) ಮಣಿಗಳು ಈ ಚರ್ಚೆಯ ಹಳೆಯ ಪಾಠ. ಈಜಿಪ್ಟಿನ ಮಣಿಗಳನ್ನು ಹೋಲುತ್ತವೆಂಬ ಕಾರಣಕ್ಕೆ 20ನೇ ಶತಮಾನದ ಮೊದಲರ್ಧದ ವಿದ್ವಾಂಸರು ಅವು ನೈಲ್ ನದಿಯ ನಾಡಿನಿಂದಲೇ ಬಂದವೆಂದು ಬರೆದರು. ಬ್ರಿಟನ್ನಿನ ಕಂಚಿನ ಯುಗದ ಕಾಲಗಣನೆಯನ್ನೂ ಅದಕ್ಕೆ ತಗುಲಿಹಾಕಿದರು. ಮುಂದೆ ರಾಸಾಯನಿಕ ಪರೀಕ್ಷೆ ನಡೆದಾಗ ಅನೇಕ ಬ್ರಿಟಿಷ್ ಮಣಿಗಳಲ್ಲಿ ತವರದ ಅಂಶ ಹೆಚ್ಚಾಗಿ ಕಂಡಿತು. ತವರ ಬ್ರಿಟನ್ನಿನಲ್ಲೇ ಸಿಗುವುದರಿಂದ ಅವು ಸ್ಥಳೀಯವಾಗಿ ತಯಾರಾದವು ಎಂಬ ಅಭಿಪ್ರಾಯ ಗಟ್ಟಿಯಾಯಿತು. ರೇಡಿಯೊಕಾರ್ಬನ್ ಕಾಲನಿರ್ಣಯವೂ ಹಳೆಯ ಲೆಕ್ಕವನ್ನು ಬುಡಮೇಲು ಮಾಡಿತು.

ತವರದ ಕಥೆ ಇದಕ್ಕೆ ತಿರುವುಮುರುವು. ಉತ್ತರ ಆಫ್ರಿಕಾದ ಕಾರ್ತೇಜಿನ ಮತ್ತು ಫಿನೀಷಿಯಾದ ನಾವಿಕರು ಕಾರ್ನ್‌ವಾಲ್‌ಗೆ ಬಂದು ತವರ ಕೊಳ್ಳುತ್ತಿದ್ದರು ಎಂಬ ಐತಿಹ್ಯಕ್ಕೆ ಕಾರ್ನ್‌ವಾಲ್ ನೆಲದಲ್ಲಿ ಗಟ್ಟಿ ಪುರಾವೆ ಸಿಕ್ಕಿಲ್ಲ. ಆದರೆ ಇಸ್ರೇಲ್ ಕರಾವಳಿಯ ಸಮುದ್ರತಳದಲ್ಲಿ ಸಿಕ್ಕ, ಕ್ರಿ.ಪೂ. 13-12ನೇ ಶತಮಾನದ ತವರದ ಗಟ್ಟಿಗಳ ಮೂಲ ಯೂರೋಪಿನಲ್ಲಿದೆ, ಬಹುಶಃ ಕಾರ್ನ್‌ವಾಲ್ ಮತ್ತು ಡೆವನ್‌ನಲ್ಲಿದೆ ಎಂದು 2019ರ ರಾಸಾಯನಿಕ ಅಧ್ಯಯನ ತೋರಿಸಿತು. ಸರಕು ಕೈಯಿಂದ ಕೈಗೆ ದಾಟಿ ಮೆಡಿಟರೇನಿಯನ್ನಿನ ಪೂರ್ವ ತುದಿ ಮುಟ್ಟಿತ್ತು. ಅದನ್ನು ಒಬ್ಬನೇ ವರ್ತಕ ಸಾಗಿಸಿರಬೇಕೆಂದೇನೂ ಇಲ್ಲ.

ಮನುಷ್ಯರೇ ದಕ್ಷಿಣದಿಂದ ಬಂದಿರಬಹುದಾದ ಮೊದಲ ಸೂಚನೆ ಕೆಂಟ್‌ನ ಥ್ಯಾನೆಟ್‌ನಲ್ಲಿದೆ. ಅಲ್ಲಿನ ಕ್ಲಿಫ್ಸ್ ಎಂಡ್ ಫಾರ್ಮ್ ಎಂಬ ನೆಲೆಯಲ್ಲಿ ಕಂಚಿನ ಯುಗದ ಕೊನೆ ಮತ್ತು ಕಬ್ಬಿಣ ಯುಗಕ್ಕೆ ಸೇರಿದ ಅಸ್ಥಿಗಳು ದೊರೆತವು. ಹಲ್ಲುಗಳ ಪರೀಕ್ಷೆಯಿಂದ ಕೆಲವರು ಸ್ಥಳೀಯರು, ಕೆಲವರು ಸ್ಕ್ಯಾಂಡಿನೇವಿಯಾದಲ್ಲಿ ಬೆಳೆದವರು, ಇನ್ನು ಕೆಲವರು ಸ್ಪೇನ್ ಅಥವಾ ಉತ್ತರ ಆಫ್ರಿಕಾದಂಥ ಬೆಚ್ಚನೆಯ ಪಶ್ಚಿಮ ಮೆಡಿಟರೇನಿಯನ್ ಸೀಮೆಯವರು ಎಂಬ ನಿರ್ಣಯ 2014ರಲ್ಲಿ ಪ್ರಕಟವಾಯಿತು. ನೆರೆಯ ಐರ್ಲೆಂಡಿನ ನ್ಯಾವನ್ ಕೋಟೆಯಲ್ಲಿ ಕಬ್ಬಿಣ ಯುಗದ ಪದರದಿಂದ ಬಾರ್ಬರಿ ಕೋತಿಯ ತಲೆಬುರುಡೆ ಹೊರಬಂದಿದೆ. ಮೊರಾಕ್ಕೊ, ಅಲ್ಜೀರಿಯಾಗಳ ಬೆಟ್ಟಗಳ ಈ ಪ್ರಾಣಿ ಉಡುಗೊರೆಯಾಗಿಯೋ ವಿನಿಮಯದ ಸರಕಾಗಿಯೋ ಅಟ್ಲಾಂಟಿಕ್ ತೀರದುದ್ದಕ್ಕೂ ಸಾಗಿ ಬಂದಿರಬೇಕು.

ರೋಮನ್ ಬ್ರಿಟನ್: ಬರಹದ ಸಾಕ್ಷ್ಯ

ಕ್ರಿ.ಶ. 43ರಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ಸೇನೆ ಬ್ರಿಟನ್ನಿಗೆ ಇಳಿದ ಮೇಲೆ, ಸುಮಾರು 410ರವರೆಗೆ, ದ್ವೀಪದ ದಕ್ಷಿಣ ಭಾಗ ಮೂರು ಖಂಡಗಳಿಗೆ ಹರಡಿದ ಸಾಮ್ರಾಜ್ಯದ ಒಂದು ಪ್ರಾಂತ್ಯವಾಗಿತ್ತು. ಅಧಿಕಾರಿಗಳು, ಸೈನಿಕರು, ವರ್ತಕರು, ಗುಲಾಮರು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಹೋಗುವುದು ಆ ವ್ಯವಸ್ಥೆಯ ನಿತ್ಯದ ರೀತಿ. ಆಫ್ರಿಕನ್ನರ ಹೆಸರು ಹಿಡಿದು ಹೇಳಬಲ್ಲ ಸಾಕ್ಷ್ಯ ಇಲ್ಲಿಂದ ಶುರುವಾಗುತ್ತದೆ.

ಮೇಲ್ಮಟ್ಟದಿಂದ ಆರಂಭಿಸಿದರೆ ಕ್ವಿಂಟಸ್ ಲೋಲಿಯಸ್ ಅರ್ಬಿಕಸ್ ಮೊದಲು ಬರುತ್ತಾನೆ. ನುಮಿಡಿಯಾದ ಟಿಡಿಸ್ ಎಂಬ ಸಣ್ಣ ಬೆಟ್ಟದೂರಿನ ಈತ ಸುಮಾರು 139ರಿಂದ 142ರವರೆಗೆ ಬ್ರಿಟನ್ನಿನ ರಾಜ್ಯಪಾಲ. ಸ್ಕಾಟ್ಲೆಂಡಿಗೆ ಅಡ್ಡಲಾಗಿ ಆಂಟೊನೈನ್ ಗೋಡೆಯ ಕೆಲಸ ನಡೆದದ್ದು ಈತನ ಉಸ್ತುವಾರಿಯಲ್ಲಿ. ಅಲ್ಜೀರಿಯಾದಲ್ಲಿ ಟಿಡಿಸ್ ಸಮೀಪ ಈತ ಕಟ್ಟಿಸಿದ ಕುಟುಂಬದ ಸಮಾಧಿ ಇನ್ನೂ ನಿಂತಿದೆ. ಇನ್ನೊಬ್ಬನು, ಚಕ್ರವರ್ತಿಯಾಗಿದ್ದ ಸೆಪ್ಟಿಮಿಯಸ್ ಸೆವೆರಸ್. 145ರಲ್ಲಿ ಲಿಬಿಯಾದ ಲೆಪ್ಟಿಸ್ ಮ್ಯಾಗ್ನಾದಲ್ಲಿ ಹುಟ್ಟಿದ ಈತ 208ರಲ್ಲಿ ದೊಡ್ಡ ಸೇನೆಯೊಂದಿಗೆ ಬ್ರಿಟನ್ನಿಗೆ ಬಂದು, ಉತ್ತರದ ಬುಡಕಟ್ಟುಗಳ ಮೇಲೆ ದಂಡೆತ್ತಿ ಹೋಗಿ, 211ರ ಫೆಬ್ರವರಿಯಲ್ಲಿ ಯಾರ್ಕಿನಲ್ಲಿ ತೀರಿಕೊಂಡ. ಈ ಮೂರು ವರ್ಷ ಸಾಮ್ರಾಜ್ಯದ ಆಡಳಿತ ನಡೆದದ್ದು ಬಹುಮಟ್ಟಿಗೆ ಬ್ರಿಟನ್ನಿನಿಂದಲೇ.

ಸೈನಿಕರ ವಿಚಾರದಲ್ಲಿ ಮುಖ್ಯವಾದ ಸಾಕ್ಷ್ಯ ಉತ್ತರ ಇಂಗ್ಲೆಂಡಿನ ಹೇಡ್ರಿಯನ್ ಗೋಡೆಯ ಪಶ್ಚಿಮ ತುದಿಯ ಅಬಲ್ಲಾವ ಕೋಟೆಯದು. ಇಂದಿನ ಕಂಬ್ರಿಯಾದ ಬರ್ಗ್ ಬೈ ಸ್ಯಾಂಡ್ಸ್ ಎಂಬ ಹಳ್ಳಿ ಅದೇ ಜಾಗದಲ್ಲಿದೆ. ಹತ್ತಿರದ ಬೋಮಾಂಟ್‌ನಲ್ಲಿ 1934ರಲ್ಲಿ ಸಿಕ್ಕ ಬಲಿಪೀಠದ ಶಾಸನ ‘ಆರೇಲಿಯನ್ ಮೂರರ ದಳ’ವನ್ನು ಹೆಸರಿಸುತ್ತದೆ. ಅದರಲ್ಲಿರುವ ಚಕ್ರವರ್ತಿಗಳ ಹೆಸರಿನಿಂದ ಕಾಲ 253-258 ಎಂದು ಗೊತ್ತಾಗುತ್ತದೆ. ರೋಮನ್ ಅಧಿಕಾರಿಗಳ ಪಟ್ಟಿಯಾದ ‘ನೊಟೀಷಿಯಾ ಡಿಗ್ನಿಟಾಟಮ್’ ಕೂಡ ಅದೇ ದಳವನ್ನು ಅದೇ ಕೋಟೆಯಲ್ಲಿ ತೋರಿಸುತ್ತದೆ. ಪರಸ್ಪರ ಸಂಬಂಧವಿಲ್ಲದ ಎರಡು ಆಧಾರಗಳು ಒಂದೇ ಮಾತು ಹೇಳುವುದರಿಂದ ದಳದ ಇರವನ್ನು ಸಂದೇಹಿಸಲು ಕಾರಣವಿಲ್ಲ. ಮೂರರು ಎಂದರೆ ಮಾರಿಟೇನಿಯಾದ ಬರ್ಬರ್ ಜನ. ಮೊದಲ ತಂಡ ಅಲ್ಲಿಂದ ಬಂದಿತ್ತು ಎನ್ನಬಹುದು. ತಲೆಮಾರುಗಳು ಕಳೆದಂತೆ ಖಾಲಿಯಾದ ಜಾಗಗಳಿಗೆ ಸ್ಥಳೀಯರೂ ಸೇರಿರುತ್ತಾರೆ.

ಬಿಡಿ ವ್ಯಕ್ತಿಗಳೂ ಕಲ್ಲಿನ ಮೇಲೆ ಉಳಿದಿದ್ದಾರೆ. ಟೈನ್ ನದಿಯ ಮುಖದ ಸೌತ್ ಶೀಲ್ಡ್ಸ್‌ನಲ್ಲಿರುವ ಸೊಗಸಾದ ಗೋರಿಕಲ್ಲು ವಿಕ್ಟರ್ ಎಂಬ ಮೂರನದು. ಆಸ್ಟೂರಿಯನ್ ಅಶ್ವದಳದ ಸವಾರ ನುಮೇರಿಯಾನಸ್‌ನ ಗುಲಾಮನಾಗಿದ್ದು ಬಿಡುಗಡೆ ಪಡೆದ ವಿಕ್ಟರ್ 20ನೆಯ ವಯಸ್ಸಿನಲ್ಲಿ ಸತ್ತ. ಒಡೆಯನೇ ಮುಂದೆ ನಿಂತು ಉತ್ತರಕ್ರಿಯೆ ನಡೆಸಿದ. ಕೆತ್ತನೆಯ ಶೈಲಿ ಸಿರಿಯಾದ ಪಾಲ್ಮಿರಾದ್ದು. ಆಫ್ರಿಕಾದ ಯುವಕ, ಸ್ಪೇನ್ ಮೂಲದ ಅಶ್ವದಳ, ಸಿರಿಯಾದ ಶಿಲ್ಪಶೈಲಿ ಮೂರೂ ಇಂಗ್ಲೆಂಡಿನ ಒಂದೇ ಬಂದರಿನಲ್ಲಿ ಕೂಡಿವೆ. ಗೋಡೆಯ ಇನ್ನೊಂದು ಕೋಟೆಯಾದ ಬರ್ಡಾಸ್‌ವಾಲ್ಡ್‌ನಲ್ಲಿ 6ನೇ ಲೀಜನ್ನಿನ ಸೈನಿಕ ಗಾಯಸ್ ಕೊಸ್ಸೂಟಿಯಸ್ ಸಾಟುರ್ನಿನಸ್‌ನ ಗೋರಿಕಲ್ಲು ಅವನ ಊರು ಹಿಪ್ಪೊ ರೀಜಿಯಸ್ ಎಂದು ಹೇಳುತ್ತದೆ. ಅದು ಇಂದಿನ ಅಲ್ಜೀರಿಯಾದ ಅನ್ನಾಬಾ.

ಎಲ್ಲ ಬರಹವೂ ಇಷ್ಟು ಗಟ್ಟಿಯಲ್ಲ. ಚಕ್ರವರ್ತಿ ಸೆವೆರಸ್ ಹೇಡ್ರಿಯನ್ ಗೋಡೆಯ ಬಳಿ ‘ಇಥಿಯೋಪಿಯನ್’ ಸೈನಿಕನೊಬ್ಬನನ್ನು ಎದುರುಗೊಂಡು, ಅವನ ಮೈಬಣ್ಣವನ್ನೂ ಅವನ ಕೈಯಲ್ಲಿದ್ದ ಸೈಪ್ರೆಸ್ ಎಲೆಯ ಹಾರವನ್ನೂ ಸಾವಿನ ಶಕುನವೆಂದು ಬಗೆದ ಎಂಬ ಪ್ರಸಂಗವನ್ನು ಹಲವು ಪುಸ್ತಕಗಳು ಎತ್ತಿ ಹೇಳುತ್ತವೆ. ಅದಕ್ಕಿರುವ ಒಂದೇ ಆಧಾರ ‘ಹಿಸ್ಟೋರಿಯಾ ಆಗಸ್ಟಾ’. ಸೆವೆರಸ್ ಸತ್ತು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲವಾದ ಮೇಲೆ ರಚನೆಯಾದ, ಕಟ್ಟುಕಥೆಗಳಿಗೆ ಹೆಸರಾದ ಗ್ರಂಥ ಅದು. ಗೋಡೆಯ ಮೇಲೆ ಕಪ್ಪು ಸೈನಿಕನಿರುವುದು 4ನೇ ಶತಮಾನದ ಓದುಗರಿಗೆ ಅಸಂಭವವೆನಿಸಲಿಲ್ಲ ಎಂಬಷ್ಟನ್ನು ಮಾತ್ರ ಆ ಕಥೆಯಿಂದ ತೆಗೆದುಕೊಳ್ಳಬಹುದು.

ಅಡುಗೆಯ ಪಾತ್ರೆ, ಕರಿಮೆಣಸು, ದಂತ

ಹೆಸರಿಲ್ಲದ ಸೈನಿಕರ ಸುಳಿವು ಅಡುಗೆಮನೆಯಲ್ಲಿ ಸಿಕ್ಕಿತು. ಮಡಕೆಗಳ ತಜ್ಞೆ ವಿವಿಯನ್ ಸ್ವಾನ್ ಯಾರ್ಕ್ ಹಾಗೂ ಆಂಟೊನೈನ್ ಗೋಡೆಯ ಕೋಟೆಗಳಲ್ಲಿ ಸಿಕ್ಕ ಕೆಲವು ಪಾತ್ರೆಗಳು ಉತ್ತರ ಆಫ್ರಿಕಾದ ಮಾದರಿಯವು ಎಂದು ಗುರುತಿಸಿದರು: ದುಂಡು ತಳದ ಅಗಲ ಪಾತ್ರೆ, ಅದನ್ನಿಡಲು ಮಣ್ಣಿನ ಅಗ್ಗಿಷ್ಟಿಕೆ. ಇವುಗಳ ವಿಶೇಷವೆಂದರೆ ಆಮದಾದವಲ್ಲ, ಬ್ರಿಟನ್ನಿನ ಜೇಡಿಯಲ್ಲೇ ಮಾಡಿದವು. ಕೊಂಡು ತಂದ ಪಾತ್ರೆ ವ್ಯಾಪಾರಕ್ಕೆ ಸಾಕ್ಷಿ. ಪರದೇಶದ ಅಡುಗೆಗೆ ತಕ್ಕ ಪಾತ್ರೆಯನ್ನು ಇಲ್ಲೇ ಮಾಡಿಸಿಕೊಂಡರೆ ಆ ಅಡುಗೆ ಬಲ್ಲವರೇ ಇಲ್ಲಿದ್ದರು ಎಂದಾಗುತ್ತದೆ. ಚಕ್ರವರ್ತಿ ಆಂಟೊನೈನಸ್ ಪಯಸ್ ಕಾಲದಲ್ಲಿ ಮಾರಿಟೇನಿಯಾದಲ್ಲಿ ನಡೆದ ಯುದ್ಧಕ್ಕೆ ಹೋದ ಪಡೆಗಳು ಅಲ್ಲಿನವರನ್ನು ಸೇರಿಸಿಕೊಂಡು ಮರಳಿದವು, ಸೆವೆರಸ್ ಕಾಲದಲ್ಲಿ ಇನ್ನಷ್ಟು ಆಫ್ರಿಕನ್ನರು ಬಂದರು ಎಂಬುದು ಸ್ವಾನ್ ಅವರ ವಿವರಣೆ. ಯುದ್ಧದ ನಂಟು ಊಹೆಯೇ ಆದರೂ ಪಾತ್ರೆಗಳ ವಾದ ಬಹುಪಾಲು ಒಪ್ಪಿಗೆ ಪಡೆದಿದೆ.

ಇದಕ್ಕೆ ಎದುರಾಗಿ ಕರಿಮೆಣಸನ್ನು ಇಟ್ಟು ನೋಡಬಹುದು. ಹೇಡ್ರಿಯನ್ ಗೋಡೆಯ ಬಳಿಯ ವಿಂಡೊಲಾಂಡಾ ಕೋಟೆಯ ಮರದ ಹಲಗೆ ಬರಹಗಳಲ್ಲಿ ಸೈನಿಕನೊಬ್ಬ ಮೆಣಸಿಗೆ ಎರಡು ದಿನಾರಿ ತೆತ್ತ ಲೆಕ್ಕವಿದೆ. 1992ರಲ್ಲಿ ಸಫೋಕ್‌ನ ಹಾಕ್ಸನ್‌ನಲ್ಲಿ ಸಿಕ್ಕ ನಿಧಿಯಲ್ಲಿ ಬೆಳ್ಳಿಯ ಮೆಣಸಿನ ಡಬ್ಬಿಗಳಿದ್ದವು. ಈ ಮೆಣಸು ಬೆಳೆದದ್ದು ಭಾರತದ ಪಶ್ಚಿಮ ಘಟ್ಟಗಳ ಮಲಬಾರ್ ಕಡೆ. ಮಾನ್ಸೂನ್ ಗಾಳಿ ಹಿಡಿದು ಕೆಂಪು ಸಮುದ್ರಕ್ಕೆ, ಈಜಿಪ್ಟಿನ ಬೆರೆನಿಕೆಯಂಥ ಬಂದರಿಗೆ, ಅಲ್ಲಿಂದ ಮರುಭೂಮಿ ದಾಟಿ ನೈಲ್ ನದಿಯ ಮೂಲಕ ಅಲೆಕ್ಸಾಂಡ್ರಿಯಾಕ್ಕೆ, ಮುಂದೆ ಯೂರೋಪಿಗೆ ಅದು ಸಾಗುತ್ತಿತ್ತು. ಬೆರೆನಿಕೆಯ ದೇಗುಲವೊಂದರಲ್ಲಿ ಭಾರತದ ಜಾಡಿಯಲ್ಲಿ ಏಳು ಕಿಲೋಗೂ ಹೆಚ್ಚು ಮೆಣಸು ಸಿಕ್ಕಿದೆ. ಮಲಬಾರಿನ ಮೆಣಸು ಆಫ್ರಿಕಾದ ನೆಲ ಹಾಯ್ದು ಬ್ರಿಟನ್ನಿನ ಗಡಿ ಕೋಟೆ ಮುಟ್ಟಿತು. ಅಷ್ಟರಿಂದಲೇ ಮಲಬಾರಿನವರು ಹೇಡ್ರಿಯನ್ ಗೋಡೆಯ ಬಳಿ ಇದ್ದರು ಎನ್ನಲು ಬರುವುದಿಲ್ಲ. ಬ್ರಿಟನ್ನಿನಲ್ಲಿ ಸಿಗುವ ಆನೆದಂತ, ಟುನೀಸಿಯಾದ ಕೆಂಪು ಮೆರುಗಿನ ಮಡಕೆ, ಎಣ್ಣೆಯ ಜಾಡಿಗಳಿಗೂ ಇದೇ ಎಚ್ಚರ ಸಲ್ಲುತ್ತದೆ.

ಮೂಳೆ ಮತ್ತು ಹಲ್ಲು: ವಿಧಾನ, ಮಿತಿ

ಅಸ್ಥಿಪಂಜರದ ಅಧ್ಯಯನದಲ್ಲಿ ಮೂರು ವಿಧಾನಗಳಿವೆ. ಹಳೆಯದು ತಲೆಬುರುಡೆಯ ಅಳತೆ. ಬುರುಡೆಯ ಆಕಾರವನ್ನು ತಿಳಿದಿರುವ ಜನಸಮೂಹಗಳ ಅಳತೆಯೊಂದಿಗೆ ಹೋಲಿಸಿ ವಂಶಮೂಲವನ್ನು ಅಂದಾಜಿಸುತ್ತಾರೆ. ಹೋಲಿಕೆಯ ದತ್ತಾಂಶದಲ್ಲಿ ಈಚಿನ ಕಾಲದ ಜನರೇ ಹೆಚ್ಚು. ಒಂದೇ ಸಮೂಹದೊಳಗೆ ಬುರುಡೆಯ ಆಕಾರ ಬಹಳ ಬದಲಾಗುವುದರಿಂದ ಒಬ್ಬ ವ್ಯಕ್ತಿಯ ಬಗ್ಗೆ ಇದು ಕೊಡುವ ತೀರ್ಪು ಅಸ್ಥಿರ.

ಎರಡನೆಯದು ಹಲ್ಲಿನ ಐಸೊಟೋಪ್ ಪರೀಕ್ಷೆ. ಹಲ್ಲಿನ ಹೊರಪದರ ಬಾಲ್ಯದಲ್ಲಿ ಗಟ್ಟಿಯಾದ ಮೇಲೆ ಬದಲಾಗುವುದಿಲ್ಲ. ಅದರಲ್ಲಿರುವ ಸ್ಟ್ರಾನ್ಷಿಯಂ ಆ ಊರಿನ ಬಂಡೆ-ಮಣ್ಣಿನ ಗುಣವನ್ನೂ, ಆಮ್ಲಜನಕ ಕುಡಿದ ನೀರಿನ, ಅಂದರೆ ಹವಾಗುಣದ, ಗುಣವನ್ನೂ ಹಿಡಿದಿಡುತ್ತವೆ. ಎಲ್ಲಿ ಬೆಳೆದಿರಲಾರ ಎಂಬುದನ್ನು ಈ ಪರೀಕ್ಷೆ ಚೆನ್ನಾಗಿ ಹೇಳುತ್ತದೆ. ಎಲ್ಲಿ ಬೆಳೆದ ಎಂಬುದನ್ನು ಅಷ್ಟು ಖಚಿತವಾಗಿ ಹೇಳಲಾರದು. ದಕ್ಷಿಣ ಸ್ಪೇನ್, ಟುನೀಸಿಯಾ, ಸಿಸಿಲಿಗಳ ಮೌಲ್ಯಗಳು ಒಂದನ್ನೊಂದು ಹೋಲಬಹುದು. ವಲಸೆ ಬಂದವರ ಮಕ್ಕಳು ಬ್ರಿಟನ್ನಿನಲ್ಲೇ ಹುಟ್ಟಿ ಬೆಳೆದಿದ್ದರೆ ಅವರು ಈ ಪರೀಕ್ಷೆಗೆ ಸ್ಥಳೀಯರಾಗಿಯೇ ಕಾಣುತ್ತಾರೆ. ಮೂರನೆಯದು ಪ್ರಾಚೀನ ಡಿಎನ್‌ಎ. ವಂಶಮೂಲದ ಪ್ರಶ್ನೆಗೆ ಇದೇ ನೇರ ಉತ್ತರ, ಆದರೆ ಎಲ್ಲಿ ಬೆಳೆದ ಎಂಬುದನ್ನು ಇದು ತಿಳಿಸುವುದಿಲ್ಲ.

ಯಾರ್ಕಿನ ‘ದಂತದ ಬಳೆಯ ಮಹಿಳೆ’ ಈ ಚರ್ಚೆಯ ಪ್ರಸಿದ್ಧ ಉದಾಹರಣೆ. 1901ರಲ್ಲಿ ಸೈಕಮೋರ್ ಟೆರೇಸ್ ಎಂಬಲ್ಲಿ ಕಲ್ಲಿನ ಶವಪೆಟ್ಟಿಗೆಯಲ್ಲಿ ಸಿಕ್ಕ ಈಕೆ 4ನೇ ಶತಮಾನದ ಸಿರಿವಂತ ಯುವತಿ. ಜೊತೆಯಲ್ಲಿ ಯಾರ್ಕ್‌ಷೈರಿನ ಕಪ್ಪು ಜೆಟ್ ಕಲ್ಲಿನ ಬಳೆ, ಆನೆದಂತದ ಬಳೆ, ನೀಲಿ ಗಾಜಿನ ಮಣಿ, ಗಾಜಿನ ಹೂಜಿ, ಕನ್ನಡಿ, ಸೋದರಿಯೊಬ್ಬಳಿಗೆ ದೇವರಲ್ಲಿ ಬಾಳೆಂದು ಹರಸುವ ಲ್ಯಾಟಿನ್ ಅಕ್ಷರಗಳ ಮೂಳೆಯ ಪಟ್ಟಿ ಇದ್ದವು. ಬುರುಡೆಯ ಅಳತೆ ಮತ್ತು ಐಸೊಟೋಪ್‌ಗಳನ್ನು ಸೇರಿಸಿ ರೆಡಿಂಗ್ ವಿಶ್ವವಿದ್ಯಾಲಯದ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನ, ಈಕೆಯದು ಆಫ್ರಿಕಾ ಸೇರಿದ ಮಿಶ್ರ ವಂಶಮೂಲವಾಗಿರಬಹುದು, ಬಾಲ್ಯ ಯಾರ್ಕಿನಲ್ಲಲ್ಲದೆ ಇನ್ನಷ್ಟು ಬೆಚ್ಚನೆಯ ಸೀಮೆಯಲ್ಲಿ ಕಳೆದಿರಬಹುದು ಎಂದಿತು. ಡಿಎನ್‌ಎ ಆಧಾರ ಆ ಅಧ್ಯಯನಕ್ಕಿರಲಿಲ್ಲ. ಆದ್ದರಿಂದ ಅದರ ತೀರ್ಮಾನ ಸಂಭವನೀಯತೆಯ ಮಟ್ಟದಲ್ಲೇ ನಿಲ್ಲುತ್ತದೆ.

ಹಾಗೆ ನಿಲ್ಲಿಸುವುದು ಏಕೆ ಅಗತ್ಯವೆಂಬುದನ್ನು ‘ಬೀಚಿ ಹೆಡ್ ಮಹಿಳೆ’ಯ ಪ್ರಕರಣ ತೋರಿಸಿಕೊಟ್ಟಿತು. 2012ರಲ್ಲಿ ಈಸ್ಟ್‌ಬೋರ್ನ್ ಪುರಭವನದ ಸಂಗ್ರಹದಲ್ಲಿ, ಬೀಚಿ ಹೆಡ್ ಎಂಬ ಚೀಟಿಯಿದ್ದ ಪೆಟ್ಟಿಗೆಯಲ್ಲಿ, ರೋಮನ್ ಕಾಲದ ಯುವತಿಯ ಅಸ್ಥಿಪಂಜರ ದೊರೆಯಿತು. ಬುರುಡೆಯ ಆಕಾರದ ಆಧಾರದ ಮೇಲೆ ಆಕೆ ಸಹಾರಾದ ದಕ್ಷಿಣದ ಮೂಲದವಳೆಂದು ಹೇಳಲಾಯಿತು. ಬ್ರಿಟನ್ನಿನ ಮೊದಲ ಕಪ್ಪು ಮಹಿಳೆ ಎಂದು ಪ್ರಚಾರವಾಯಿತು. 2016ರಲ್ಲಿ ಬಿಬಿಸಿ ಸರಣಿಯೊಂದರ ಭಾಗವಾಗಿ ಸ್ಮಾರಕ ಫಲಕವೂ ಬಂತು. ನಂತರ ಸಿಕ್ಕ ಅಲ್ಪ ಡಿಎನ್‌ಎ ಸೈಪ್ರಸ್ ಕಡೆಗೆ ಬೆರಳು ಮಾಡಿತು. ಸುಧಾರಿತ ವಿಧಾನದಿಂದ ಸಾಕಷ್ಟು ಡಿಎನ್‌ಎ ತೆಗೆದು 2025ರ ಕೊನೆಯಲ್ಲಿ ಪ್ರಕಟವಾದ ಅಧ್ಯಯನ, ಆಕೆ ದಕ್ಷಿಣ ಇಂಗ್ಲೆಂಡಿನ ಸ್ಥಳೀಯ ಜನರಿಗೇ ಸೇರಿದವಳು ಎಂದು ತೀರ್ಮಾನಿಸಿತು. ಇದರಿಂದ ರೋಮನ್ ಬ್ರಿಟನ್ನಿನಲ್ಲಿ ಆಫ್ರಿಕನ್ನರಿರಲಿಲ್ಲ ಎಂದಾಗುವುದಿಲ್ಲ. ಶಾಸನಗಳು ಇದ್ದಲ್ಲೇ ಇವೆ. ಬುರುಡೆಯ ಆಕಾರವೊಂದನ್ನೇ ನೆಚ್ಚಿದ ಗುರುತಿಸುವಿಕೆಗಳ ಮೇಲಿನ ಭರವಸೆ ಮಾತ್ರ ಕುಸಿದಿದೆ.

ರೋಮನ್ ಕಾಲದ ಡಿಎನ್‌ಎ ಇದುವರೆಗೆ ತೋರಿಸಿದ ಚಿತ್ರ ಮಿಶ್ರ. ಯಾರ್ಕಿನ ಡ್ರಿಫೀಲ್ಡ್ ಟೆರೇಸ್‌ನಲ್ಲಿ ಹೂತ ಪುರುಷರಲ್ಲಿ ಏಳು ಮಂದಿಯ ಜೀನೋಮ್‌ಗಳನ್ನು 2016ರಲ್ಲಿ ಪ್ರಕಟಿಸಿದಾಗ ಆರು ಮಂದಿ ಬ್ರಿಟನ್ನಿನವರಂತೆ ಕಂಡರು, ಒಬ್ಬ ಮಧ್ಯಪ್ರಾಚ್ಯದವನು. ಕೇಂಬ್ರಿಡ್ಜ್‌ಷೈರಿನ ಆಫರ್ಡ್ ಕ್ಲೂನಿ ಎಂಬ ಹಳ್ಳಿಗಾಡಿನಲ್ಲಿ ಕಪ್ಪು ಸಮುದ್ರದಾಚೆಯ ಸರ್ಮೇಷಿಯನ್ ವಂಶದವನೊಬ್ಬ ಸಿಕ್ಕಿದ್ದಾನೆ; ಚಕ್ರವರ್ತಿ ಮಾರ್ಕಸ್ ಆರೇಲಿಯಸ್ 175ರಲ್ಲಿ 5,500 ಸರ್ಮೇಷಿಯನ್ ಅಶ್ವಾರೋಹಿಗಳನ್ನು ಬ್ರಿಟನ್ನಿಗೆ ಕಳಿಸಿದ ಎಂಬ ರೋಮನ್ ಇತಿಹಾಸಕಾರ ಕ್ಯಾಸಿಯಸ್ ಡಿಯೊನ ಬರಹಕ್ಕೆ ಇದು ಪೂರಕ. ಅದೇ ಸೀಮೆಯ ಗ್ರಾಮೀಣ ಸ್ಮಶಾನಗಳ ಸುಮಾರು 50 ಮಂದಿಯ ಅಧ್ಯಯನದಲ್ಲಿ ಹೊರಗಿನ ವಂಶದ ಪ್ರಭಾವ ತೀರ ಕಡಿಮೆ. ವೈವಿಧ್ಯ ಸೇನೆ ಮತ್ತು ನಗರಗಳ ಸುತ್ತ ದಟ್ಟವಾಗಿತ್ತು, ಹಳ್ಳಿಗಳಲ್ಲಿ ವಿರಳವಾಗಿತ್ತು ಎಂಬುದು ಶಾಸನಗಳ ಹಂಚಿಕೆಗೂ ಹೊಂದುತ್ತದೆ.

ರೋಮ್ ಹೋದ ಮೇಲೆ

ಸಾಮ್ರಾಜ್ಯ ಕೈಬಿಟ್ಟ ಮೇಲೆ ಬ್ರಿಟನ್ ಒಂಟಿಯಾಯಿತೆಂಬ ಕಲ್ಪನೆಯನ್ನು ಕಾರ್ನ್‌ವಾಲ್‌ನ ಟಿಂಟ್ಯಾಜೆಲ್ ಬಂಡೆಗುಡ್ಡ ಮುರಿಯಿತು. 1930ರ ದಶಕದಲ್ಲಿ ರ‍್ಯಾಲಿ ರ‍್ಯಾಡ್‌ಫರ್ಡ್ ಅಲ್ಲಿ ಅಗೆದಾಗ 5-6ನೇ ಶತಮಾನದ ಮೆಡಿಟರೇನಿಯನ್ ಮಡಕೆಗಳ ರಾಶಿ ಹೊರಬಂತು. ಟರ್ಕಿ, ಸಿರಿಯಾ ಕಡೆಯ ಪಾತ್ರೆಗಳ ಜೊತೆಗೆ ಕಾರ್ತೇಜ್ ಸೀಮೆಯ ಕೆಂಪು ತಟ್ಟೆಗಳೂ ಜಾಡಿಗಳೂ ಇದ್ದವು. ಎಣ್ಣೆ, ದ್ರಾಕ್ಷಾರಸ ತಂದ ಹಡಗುಗಳು ತವರ ತುಂಬಿಕೊಂಡು ಮರಳಿರಬೇಕು. ಅಲೆಕ್ಸಾಂಡ್ರಿಯಾದ ಧರ್ಮಾಧ್ಯಕ್ಷ ಸಂತ ಜಾನ್‌ನ 7ನೇ ಶತಮಾನದ ಜೀವನಚರಿತ್ರೆಯಲ್ಲಿ ಗೋಧಿ ತುಂಬಿದ ಹಡಗೊಂದು ಈಜಿಪ್ಟಿನಿಂದ ಬ್ರಿಟನ್ನಿಗೆ ಹೋಗಿ, ಅಲ್ಲಿನ ಬರದ ಜನರಿಗೆ ಧಾನ್ಯ ಕೊಟ್ಟು, ಅರ್ಧ ಬೆಲೆಯನ್ನು ನಾಣ್ಯವಾಗಿಯೂ ಅರ್ಧವನ್ನು ತವರವಾಗಿಯೂ ತಂದ ಕಥೆಯಿದೆ. ತವರ ಬೆಳ್ಳಿಯಾಯಿತೆಂಬ ಪವಾಡವನ್ನು ಬಿಟ್ಟರೂ, ಅಲೆಕ್ಸಾಂಡ್ರಿಯಾದ ಕೇಳುಗರಿಗೆ ಆ ಪಯಣ ನಂಬತಕ್ಕದ್ದಾಗಿತ್ತು. ಅಲೆಕ್ಸಾಂಡ್ರಿಯಾದ ಸಮೀಪದ ಅಬು ಮೀನಾ ಕ್ಷೇತ್ರದಿಂದ ಯಾತ್ರಿಕರು ಒಯ್ಯುತ್ತಿದ್ದ ಸಂತ ಮೀನಾಸ್‌ನ ಪುಟ್ಟ ಮಣ್ಣಿನ ಗಿಂಡಿಯೊಂದು ಹಳೆಯ ಚೆಷೈರ್ ಸೀಮೆಯ ಕರಾವಳಿಯ ಮೀಲ್ಸ್‌ನಲ್ಲಿ ದೊರೆತಿದೆ.

ಹಡಗಿನ ಜೊತೆ ಜನರೂ ಬಂದಿದ್ದರೇ? ದಕ್ಷಿಣ ವೇಲ್ಸ್‌ನ ಆರಂಭಿಕ ಮಧ್ಯಯುಗದ ಸ್ಮಶಾನಗಳ ಹಲ್ಲುಗಳನ್ನು ಕೇಟಿ ಹೆಮರ್ ಮತ್ತು ಸಂಗಡಿಗರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಕೆಲವರು ಬ್ರಿಟನ್ನಿಗಿಂತ ಬಹಳ ಬೆಚ್ಚನೆಯ, ಮೆಡಿಟರೇನಿಯನ್ ತೀರದಂಥ ಸೀಮೆಯಲ್ಲಿ ಬೆಳೆದವರು. ಮಡಕೆಗಳ ದಾರಿಯಲ್ಲೇ ಮನುಷ್ಯರೂ ಚಲಿಸಿದ್ದರು ಎಂಬ ವಾದಕ್ಕೆ ಇದು ಬಲ ಕೊಟ್ಟಿತು.

ಪೂರ್ವ ಇಂಗ್ಲೆಂಡಿನಲ್ಲಿ ಇನ್ನೊಂದು ಬಗೆಯ ಸರಕು ಕಾಣುತ್ತದೆ. 5-6ನೇ ಶತಮಾನದ ಆಂಗ್ಲೋ-ಸ್ಯಾಕ್ಸನ್ ಹೆಂಗಸರ ಗೋರಿಗಳಲ್ಲಿ ಸೊಂಟದ ಚೀಲದ ಬಾಯಿಗೆ ಕಟ್ಟಿದ ದಂತದ ಉಂಗುರಗಳು ಸಿಗುತ್ತವೆ. ಅವು ಮ್ಯಾಮತ್‌ನವೋ ವಾಲ್ರಸ್‌ನವೋ ಆನೆಯವೋ ಎಂಬ ಜಿಜ್ಞಾಸೆ ಬಹುಕಾಲ ನಡೆಯಿತು. ಲಿಂಕನ್‌ಷೈರಿನ ಸ್ಕ್ರೆಂಬಿ ಸ್ಮಶಾನದ ಉಂಗುರಗಳ ಪರೀಕ್ಷೆ 2023ರಲ್ಲಿ ಪ್ರಕಟವಾಗಿ, ಅದು ಅದೇ ಕಾಲದ ಆಫ್ರಿಕಾದ ಆನೆಯ ದಂತ, ಬಹುಶಃ ಪೂರ್ವ ಆಫ್ರಿಕಾದ್ದು ಎಂದು ತೋರಿಸಿತು. ಆನೆ ಬದುಕಿದ್ದ ಸೀಮೆಗೂ ದಂತ ಸೇರಿದ ಗೋರಿಗೂ 6,000 ಕಿಲೋಮೀಟರಿಗೂ ಹೆಚ್ಚು ದೂರ.

ಕ್ಯಾಂಟರ್‌ಬರಿಯ ಮಠಾಧಿಪತಿ

ಈ ಕಾಲದ ಆಫ್ರಿಕನ್ನರಲ್ಲಿ ಹೆಚ್ಚು ಪ್ರಭಾವಿ ವ್ಯಕ್ತಿ ಹೇಡ್ರಿಯನ್ (ಗೋಡೆಗೆ ಹೆಸರು ಕೊಟ್ಟ ಚಕ್ರವರ್ತಿಯಲ್ಲ). 731ರಲ್ಲಿ ತನ್ನ ಚರ್ಚ್ ಇತಿಹಾಸ ಮುಗಿಸಿದ ಇಂಗ್ಲೆಂಡಿನ ಸನ್ಯಾಸಿ ಬೀಡ್ ಈತ ಆಫ್ರಿಕಾದವನೆಂದು ಸ್ಪಷ್ಟವಾಗಿ ಬರೆದಿದ್ದಾನೆ. ನೇಪಲ್ಸ್ ಬಳಿಯ ಮಠವೊಂದರ ಮುಖ್ಯಸ್ಥನಾಗಿದ್ದ ಈತನಿಗೆ ಪೋಪ್ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಹುದ್ದೆ ನೀಡಲು ಬಂದಾಗ ಒಪ್ಪದೆ, ಟಾರ್ಸಸ್‌ನ ಥಿಯೊಡೋರ್‌ನನ್ನು ಸೂಚಿಸಿ, ತಾನೂ ಅವನ ಹಿಂದೆಯೇ ಇಂಗ್ಲೆಂಡಿಗೆ ಬಂದ. ಥಿಯೊಡೋರ್ ತಲುಪಿದ್ದು 669ರಲ್ಲಿ. ಇಬ್ಬರೂ ನಡೆಸಿದ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್, ಧರ್ಮಗ್ರಂಥ, ಛಂದಸ್ಸು, ಖಗೋಳಗಣಿತಗಳ ಪಾಠ ನಡೆಯುತ್ತಿತ್ತು. ಕವಿ-ವಿದ್ವಾಂಸ ಆಲ್ಡ್‌ಹೆಲ್ಮ್ ಅಲ್ಲಿ ಕಲಿತವನು. ಸುಮಾರು ನಾಲ್ಕು ದಶಕ ಅಲ್ಲಿದ್ದು ಹೇಡ್ರಿಯನ್ 8ನೇ ಶತಮಾನದ ಮೊದಲ ದಶಕದ ಕೊನೆಗೆ ಕಾಲವಾದ. ಅರಬರ ಮುನ್ನಡೆಯಿಂದ ಉತ್ತರ ಆಫ್ರಿಕಾ ತೊರೆದು ಇಟಲಿ ಸೇರಿದ ಕ್ರೈಸ್ತ ವಿದ್ವಾಂಸರಲ್ಲಿ ಈತನೂ ಒಬ್ಬನಿರಬಹುದು. ಸಂಖ್ಯೆಯಲ್ಲಿ ಒಬ್ಬನೇ ಆದರೂ ಇಂಗ್ಲಿಷ್ ಪಾಂಡಿತ್ಯದ ಬುನಾದಿಯಲ್ಲಿ ಈತನ ಪಾಲು ದೊಡ್ಡದು.

ಅಪ್‌ಡೌನ್ ಮತ್ತು ವರ್ತ್ ಮಟ್ರಾವರ್ಸ್

ಇದುವರೆಗಿನ ಅತಿ ಗಟ್ಟಿಯಾದ ಜೈವಿಕ ಸಾಕ್ಷ್ಯ 7ನೇ ಶತಮಾನದ ಎರಡು ಗೋರಿಗಳಿಂದ ಬಂದಿದೆ. ಒಂದು ಕೆಂಟ್‌ನ ಈಸ್ಟ್ರಿ ಬಳಿಯ ಅಪ್‌ಡೌನ್ ಸ್ಮಶಾನದ, 11ರಿಂದ 13 ವರ್ಷದೊಳಗಿನ ಬಾಲಕಿಯದು. ಆಂಗ್ಲೋ-ಸ್ಯಾಕ್ಸನ್ ವಲಸೆಯ ಕುರಿತ 2022ರ ದೊಡ್ಡ ಡಿಎನ್‌ಎ ಅಧ್ಯಯನದಲ್ಲಿ ಆಕೆಯ ಭಿನ್ನತೆ ಮೊದಲು ಕಂಡಿತು. ಇನ್ನೊಂದು ಡಾರ್ಸೆಟ್‌ನ ವರ್ತ್ ಮಟ್ರಾವರ್ಸ್‌ನ ಯುವಕನದು. ಇಬ್ಬರನ್ನೂ ಕುರಿತ ವಿವರವಾದ ಅಧ್ಯಯನಗಳು 2025ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಪ್ರಕಟವಾದವು. ಇಬ್ಬರಲ್ಲೂ ತಾಯಿಯ ಕಡೆಯ ವಂಶ ಉತ್ತರ ಯೂರೋಪಿನದು. ಒಟ್ಟು ವಂಶಮೂಲದಲ್ಲಿ ಸುಮಾರು ಶೇಕಡ 20ರಿಂದ 40ರಷ್ಟು ಭಾಗ ಇಂದಿನ ಯೊರುಬಾ, ಮೆಂಡೆ, ಮಂಡಿಂಕಾ ಮುಂತಾದ ಪಶ್ಚಿಮ ಆಫ್ರಿಕಾದ ಜನರನ್ನು ಹೋಲುತ್ತದೆ. ಲೆಕ್ಕ ಹಾಕಿದರೆ ತಂದೆಯ ಕಡೆಯ ಒಬ್ಬ ಅಜ್ಜ ಅಥವಾ ಅಜ್ಜಿ ಅಲ್ಲಿನವರು.

ಗೋರಿಗಳಲ್ಲಿ ಇವರನ್ನು ಬೇರೆಯಾಗಿ ಕಂಡ ಗುರುತಿಲ್ಲ. ಬಾಲಕಿಯ ಜೊತೆ ಚಾಕು, ಚಮಚ, ಮೂಳೆಯ ಬಾಚಣಿಗೆ, ಬಹುಶಃ ಫ್ರಾಂಕರ ನಾಡಿನ ಅಲಂಕೃತ ಮಡಕೆ ಇದ್ದವು. ಯುವಕನನ್ನು ಇನ್ನೊಬ್ಬ ಹಿರಿಯ ಪುರುಷನೊಂದಿಗೆ, ಸುಣ್ಣಕಲ್ಲಿನ ಲಂಗರು ಇಟ್ಟು ಹೂಳಲಾಗಿತ್ತು. ಇಬ್ಬರೂ ತಮ್ಮ ಊರಿನ ಸಾಮಾನ್ಯ ಸದಸ್ಯರಂತೆಯೇ ಮಣ್ಣಾಗಿದ್ದಾರೆ. ಪಶ್ಚಿಮ ಆಫ್ರಿಕಾದ ರಕ್ತ ಇಲ್ಲಿಗೆ ಬಂದ ಬಗೆಗೆ ಸಂಶೋಧಕರು ಮುಂದಿಡುವ ವಿವರಣೆ ಬೈಜಾಂಟೈನ್ ಆಳ್ವಿಕೆಯದು. 533-534ರಲ್ಲಿ ಚಕ್ರವರ್ತಿ ಜಸ್ಟಿನಿಯನ್ನನ ಸೇನೆ ಉತ್ತರ ಆಫ್ರಿಕಾವನ್ನು ಮರಳಿ ಗೆದ್ದ ಮೇಲೆ ಸಹಾರಾದಾಚೆಯ ಚಿನ್ನದ ದಾರಿಗಳೂ ಮೆಡಿಟರೇನಿಯನ್ ವ್ಯಾಪಾರವೂ ಮತ್ತೆ ಬೆಸೆದುಕೊಂಡವು. ಅಜ್ಜ ಅಥವಾ ಅಜ್ಜಿ ವರ್ತಕರಾಗಿ ಬಂದರೋ, ಗುಲಾಮರಾಗಿ ಬಂದರೋ ಎಂಬುದನ್ನು ಡಿಎನ್‌ಎ ಹೇಳಲಾರದು.

8ನೇ ಶತಮಾನದಿಂದ ಮುಂದೆ

ಇಸ್ಲಾಮಿನ ಉದಯದ ನಂತರ ದೂರದ ನಂಟಿನ ಸ್ವರೂಪ ಬದಲಾಯಿತು. ಮಧ್ಯ ಇಂಗ್ಲೆಂಡಿನ ಮರ್ಸಿಯಾದ ರಾಜ ಆಫಾ 773-774ರ ಅಬ್ಬಾಸಿದ್ ಖಲೀಫರ ದಿನಾರನ್ನು ಅರಬ್ಬೀ ಅಕ್ಷರ ಸಮೇತ ಅನುಕರಿಸಿ ಚಿನ್ನದ ನಾಣ್ಯ ಟಂಕಿಸಿದ. ಅಕ್ಷರ ಕೊರೆದವನಿಗೆ ಅದರ ಅರ್ಥ ತಿಳಿದಿರಲಿಲ್ಲ, ಏಕೆಂದರೆ ರಾಜನ ಹೆಸರು ತಲೆಕೆಳಗಾಗಿ ಕೂತಿದೆ. 860ರ ದಶಕದಲ್ಲಿ ವೈಕಿಂಗರು ಮೊರಾಕ್ಕೊ ಕಡೆ ದಾಳಿ ಮಾಡಿ ‘ನೀಲಿ ಮನುಷ್ಯ’ರನ್ನು, ಅಂದರೆ ಕಪ್ಪು ಜನರನ್ನು, ಸೆರೆಹಿಡಿದು ಐರ್ಲೆಂಡಿಗೆ ತಂದರೆಂದು ಐರಿಷ್ ವಾರ್ಷಿಕ ದಾಖಲೆಯೊಂದು ಹೇಳುತ್ತದೆ. ಅದರ ಪ್ರತಿ ಬಹಳ ಈಚಿನದು, ಆದರೆ ಮೊರಾಕ್ಕೊ ಮೇಲಿನ ವೈಕಿಂಗ್ ದಾಳಿಯನ್ನು ಅರಬ್ಬೀ ಮೂಲಗಳೂ ಹೇಳುತ್ತವೆ. ನಾರ್ಫೋಕ್‌ನ ನಾರ್ತ್ ಎಲ್ಮಮ್‌ನ ಗೋರಿ, ಗ್ಲಾಸ್ಟರ್‌ಷೈರಿನ ಫೇರ್‌ಫರ್ಡ್ ಬಳಿ ನದಿಯಲ್ಲಿ 2013ರಲ್ಲಿ ಸಿಕ್ಕ ಬುರುಡೆ, ಎರಡೂ ಸುಮಾರು 10ನೇ ಶತಮಾನದ ಸುತ್ತಮುತ್ತಲಿನವು. ಇವರನ್ನು ಆಫ್ರಿಕಾದ ಮಹಿಳೆಯರೆಂದು ಗುರುತಿಸಿರುವುದು ಬುರುಡೆಯ ಲಕ್ಷಣಗಳಿಂದ. ಬೀಚಿ ಹೆಡ್ ಪ್ರಕರಣದ ಬಳಿಕ ಇಂಥವನ್ನು ಡಿಎನ್‌ಎಯ ಒರೆಗೆ ಹಚ್ಚದೆ ಅಂತಿಮವೆನ್ನಲಾಗದು.

ಜೀವಂತ ಜನರ ವಂಶವಾಹಿಗಳಲ್ಲೂ ಒಂದು ಸುಳಿವಿದೆ. ಯಾರ್ಕ್‌ಷೈರಿನ ಒಂದು ಅಪರೂಪದ ಕುಲನಾಮದ 18 ಪುರುಷರಲ್ಲಿ ಏಳು ಮಂದಿಗೆ ಪಶ್ಚಿಮ ಆಫ್ರಿಕಾದಲ್ಲಿ ಮಾತ್ರ ಕಾಣುವಂಥ ವೈ-ಕ್ರೋಮೋಸೋಮ್ ಬಗೆ ಇದೆ ಎಂದು 2007ರಲ್ಲಿ ಪ್ರಕಟವಾಯಿತು. ಅವರ ವಂಶಾವಳಿ 1780ರ ದಶಕದವರೆಗೆ ಹಿಂದಕ್ಕೆ ಹೋಗುತ್ತದೆ. ಮೂಲಪುರುಷ ರೋಮನ್ ಸೈನಿಕನೂ ಆಗಿರಬಹುದು, 17-18ನೇ ಶತಮಾನದಲ್ಲಿ ಬಂದವನೂ ಆಗಿರಬಹುದು. ಆದ್ದರಿಂದ ಆದಿಕಾಲದ ವಲಸೆಗೆ ಇದನ್ನು ಪುರಾವೆಯಾಗಿ ಬಳಸುವಂತಿಲ್ಲ.

ಒಟ್ಟು ನಿಲುವು

ಸಾಕ್ಷ್ಯಗಳನ್ನು ತೂಕದ ಕ್ರಮದಲ್ಲಿ ಜೋಡಿಸಿದರೆ ಖಚಿತವಾದವು ಮೊದಲು ಬರುತ್ತವೆ: ಅರ್ಬಿಕಸ್, ಸೆವೆರಸ್, ಅಬಲ್ಲಾವದ ಮೂರರ ದಳ, ವಿಕ್ಟರ್, ಸಾಟುರ್ನಿನಸ್, ಮಠಾಧಿಪತಿ ಹೇಡ್ರಿಯನ್, ಹಾಗೂ ಅಪ್‌ಡೌನ್ ಮತ್ತು ವರ್ತ್ ಮಟ್ರಾವರ್ಸ್‌ನ ಇಬ್ಬರು. ಅತಿ ಸಂಭವನೀಯವಾದವು ಸ್ಥಳೀಯವಾಗಿ ಮಾಡಿದ ಆಫ್ರಿಕನ್ ಮಾದರಿಯ ಪಾತ್ರೆಗಳು ಮತ್ತು ವೇಲ್ಸ್‌ನ ಹಲ್ಲುಗಳು, ಎರಡನೆಯದರಲ್ಲಿ ಆಫ್ರಿಕಾ ಹಲವು ಸಾಧ್ಯತೆಗಳಲ್ಲಿ ಒಂದು. ಥ್ಯಾನೆಟ್‌ನ ಅಸ್ಥಿಗಳು, ದಂತದ ಬಳೆಯ ಮಹಿಳೆ, ಬುರುಡೆಯಿಂದ ಗುರುತಿಸಿದ ಇತರರು ಇನ್ನೂ ತೀರ್ಮಾನ ಕಾಯುತ್ತಿದ್ದಾರೆ. ಫಯಾನ್ಸ್ ಮಣಿ ಮತ್ತು ಬೀಚಿ ಹೆಡ್ ಮಹಿಳೆಯನ್ನು ಪಟ್ಟಿಯಿಂದ ತೆಗೆಯಬೇಕಾಗಿದೆ. ಮೆಣಸು, ದಂತ, ಗಿಂಡಿ, ಕೆಂಪು ತಟ್ಟೆಗಳು ಸರಕಿನ ದಾರಿಯನ್ನು ತೋರಿಸುತ್ತವೆ, ಅಷ್ಟೇ.

ಹೊಸ ವಿಧಾನಗಳು ಒಂದೇ ದಿಕ್ಕಿಗೆ ಎಳೆದಿಲ್ಲ. ಡಿಎನ್‌ಎ ಒಬ್ಬಳನ್ನು ಪಟ್ಟಿಯಿಂದ ತೆಗೆಯಿತು, ಇಬ್ಬರನ್ನು ಸೇರಿಸಿತು. ಸೇರಿದ ಇಬ್ಬರೂ ರೋಮನ್ ಕಾಲದವರಲ್ಲ. ಬ್ರಿಟನ್ ಜಗತ್ತಿನಿಂದ ದೂರ ಸರಿದಿತ್ತೆಂದು ಹಿಂದಿನ ಇತಿಹಾಸಕಾರರು ಭಾವಿಸಿದ್ದ ಶತಮಾನದವರು. ಬಂದವರ ಸಂಖ್ಯೆ ದ್ವೀಪದ ಒಟ್ಟು ಜನರ ವಂಶಮೂಲವನ್ನು ಬದಲಿಸುವಷ್ಟು ಇರಲಿಲ್ಲ ಎಂಬುದು ಡಿಎನ್‌ಎಯಿಂದಲೇ ಸ್ಪಷ್ಟ. ಅವರ ಸಾಮಾಜಿಕ ಹರಹು ಮಾತ್ರ ವಿಶಾಲ: ಚಕ್ರವರ್ತಿ, ರಾಜ್ಯಪಾಲ, ಸೈನಿಕ, ಬಿಡುಗಡೆಯಾದ ಗುಲಾಮ, ಮಠಾಧಿಪತಿ, ಹಳ್ಳಿಯ ಬಾಲಕಿ. ರೋಮನ್ ಕಾಲದಲ್ಲಿ ಅವರನ್ನು ತಂದದ್ದು ಸೇನೆ ಮತ್ತು ಆಡಳಿತ. ಅದರ ನಂತರ ಸಮುದ್ರ ವ್ಯಾಪಾರ, ಚರ್ಚು ಮತ್ತು ಬಹುಶಃ ಗುಲಾಮಗಿರಿ.